ಮುತ್ಯಾನ ಕೋಟಿನ ತೋಳು

ಚಿಕ್ಕಂದಿನಲ್ಲಿ ಸುರಪುರದ ಟೇಲರ್ ಮಂಜಿಲ್ ಯಾರೋ ಭಾರಿ ದರ್ಜಿಯ ಮನೆಯೆಂದೇ ನಾನು ತಿಳಿದಿದ್ದೆ. ನಮ್ಮ ರಾಮಸಮುದ್ರದಲ್ಲಿ ಟೇಲರ್ ಎಂದರೆ ಕೊರಳಿಗೆ ಟೇಪು, ಕಿವಿಯ ಸಂದಿಗೆ ಪೆನ್ಸಿಲು. ದೀಪಾವಳಿಗೆಂದು ಕೊಟ್ಟ ಚಡ್ಡಿಯನ್ನು ಸಂಕ್ರಾಂತಿಗೆ, ಅದೂ ಮೈಲಾಪುರದ ಜಾತ್ರೆಗೆ ಹೊರಟ ಮುಂಜಾನೆ, ಕಾಜಾ ಹಾಕದೆ ಕೈಗಿಡುವವನು. ಅಂಥವನಿಗೆ ಗುಡ್ಡದ ಮೇಲೆ ಬಂಗಲೆ ಹೇಗೆ ಬಂತು? ಸುರಪುರದ ಅರಸರೆಲ್ಲ ಇವನ ಹತ್ತಿರವೇ ಅಂಗಿ ಹೊಲಿಸಿರಬೇಕು ಎಂದು ನಾನೇ ಲೆಕ್ಕ ಹಾಕಿದ್ದೆ. ಕನ್ನಡದಲ್ಲಿ ಬರೆದರೆ ಇಬ್ಬರೂ ಟೇಲರೇ. ಹೈಸ್ಕೂಲಿಗೆ ಬಂದ ಮೇಲೆ ಗೊತ್ತಾಯಿತು, ಆ ಮನೆ ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಕಾರಭಾರ ನೋಡಿದ ಇಂಗ್ಲಿಷ್ ಅಧಿಕಾರಿ. ಬಾಲಕ ಅರಸ ವೆಂಕಟಪ್ಪನಾಯಕ ‘ಅಪ್ಪಾ’ ಎಂದು ಕರೆಯುತ್ತಿದ್ದ ಮನುಷ್ಯ. ಸೂಜಿ ಹಿಡಿದವನಲ್ಲ.

ಈ ಹಳೆಯ ಗಲಿಬಿಲಿ ಮತ್ತೆ ನೆನಪಾದದ್ದು ಸಿಕಂದರಾಬಾದಿನ ಒಂದು ಓಣಿಯಲ್ಲಿ, ಹೊಲಿಗೆ ಮಷೀನಿನ ಲಾಳಿ ಹುಡುಕುತ್ತ ನಿಂತಾಗ. ಹೋಗಿ ಬಂದು ಎರಡು ತಿಂಗಳಾಯಿತು. ಲಾಳಿ ಸಿಕ್ಕಿತು, ಮದುವೆಯ ಬಟ್ಟೆಯೂ ಬಂತು, ಮುತ್ಯಾನ ಫೋಟೋ ಹೊಸದಾಗಿ ಗೋಡೆ ಏರಿತು. ಹೋದ ಮೂರು ಕೆಲಸವೂ ಆದವು. ಆದರೂ ಪಡಸಾಲೆಗೆ ಬಂದಾಗೊಮ್ಮೆ ಗೋಡೆಯ ಕಡೆ ನೋಡದೆ ಒಳಗೆ ನುಸುಳಿಬಿಡುತ್ತೇನೆ.

ನಮ್ಮ ಮನೆಗೆ ಊರಲ್ಲಿ ‘ಕೋಟಿನವರ ಮನಿ’ ಎಂದು ಹೆಸರು. ಅಡ್ಡಹೆಸರು ಬೇರೆಯೇ ಇದೆ, ಅದು ರೇಷನ್ ಕಾರ್ಡಿನಲ್ಲಿ ಮಾತ್ರ. ಕೋಟಿನವರು ಎನ್ನುವುದಕ್ಕೆ ಪುರಾವೆ ಪಡಸಾಲೆಯಲ್ಲಿ ತೂಗುತ್ತಿದ್ದ ಒಂದು ಫೋಟೋ. ಅದರಲ್ಲಿ ಮುತ್ಯಾ ತಲೆಗೆ ರುಮಾಲು ಸುತ್ತಿ, ಕಪ್ಪು ಕೋಟು ತೊಟ್ಟು, ಒಂದು ಕೈಯನ್ನು ಎತ್ತರದ ಕುಂಡದ ಸ್ಟೂಲಿನ ಮೇಲಿಟ್ಟು ನಿಂತಿದ್ದಾನೆ. ಹಿಂದೆ ಪರದೆಯ ಮೇಲೆ ಬರೆದ ಕಂಬ, ಮೆಟ್ಟಿಲು. ಕೋಟಿನ ಕೆಳಗೆ ಧೋತರ, ಧೋತರದ ಕೆಳಗೆ ಬರಿಗಾಲು. ಹತ್ತಿ ಮಾರಿದ ರೊಕ್ಕ ಸೊಂಟಕ್ಕೆ ಕಟ್ಟಿಕೊಂಡು ಸಿಕಂದರಾಬಾದಿಗೆ ಹೋದವ, ಆಯಿಗೆ ಹೊಲಿಗೆ ಮಷೀನು, ತನಗೊಂದು ಫೋಟೋ ತಂದ. ಕೋಟು ಎಲ್ಲಿ ಹೋಯಿತೆಂದು ಯಾರೂ ಕೇಳಿರಲಿಲ್ಲ. ಟ್ರಂಕಿನಲ್ಲಿ ನುಸಿ ತಿಂದಿರಬೇಕು ಎಂದು ಎಲ್ಲರ ನಂಬಿಕೆ.

ಆ ಫೋಟೋದ ಒಂದು ಮೂಲೆಗೆ ಈ ವರ್ಷ ಗೆದ್ದಲು ಬಂತು. ಅದೇ ಹೊತ್ತಿಗೆ ಮಷೀನೂ ಹೊಲಿಗೆ ಬಿಡತೊಡಗಿತು. ಅಕ್ಕನ ಮೊಮ್ಮಗಳ ಮದುವೆ ಎದುರಿಗಿತ್ತು. “ಮೂರೂ ಒಂದೇ ಊರಾಗ ಸಿಗ್ತಾವಂದ್ರ ಅಲ್ಲಿಗೇ ಹೋಗಮು ನಡಿ ತಮ್ಮಾ” ಎಂದಳು ಅಕ್ಕ. ಮಷೀನು ಇಂದಿಗೂ ನಡೆಸುವವಳು ನಮ್ಮ ಚಿಗವ್ವ. ಎಂಬತ್ತು ದಾಟಿದ್ದಾಳೆ, ಸೂಜಿಗೆ ದಾರ ಪೋಣಿಸಲು ಮಾತ್ರ ಹುಡುಗರನ್ನು ಕರೆಯುತ್ತಾಳೆ. ಹಳೆಯ ಲಾಳಿಯನ್ನು ಸಣ್ಣ ಅರಿವೆಯಲ್ಲಿ ಸುತ್ತಿ ನನ್ನ ಕಿಸೆಗಿಟ್ಟಳು. “ಇದರ ಮೂತಿ ಮೊಂಡಾಗ್ಯಾದ. ಇಂಥಾದ್ದೇ ತಾ. ಉಷಾದ್ದು ತಂದೀಯಪ್ಪಾ, ಅದು ಕೂಡೂದಿಲ್ಲ.”

ಯಾದಗಿರಿ ಸ್ಟೇಷನ್ನಿನ ಹೊರಗೆ ಎಂದಿನಂತೆ ಗುಳೆ ಹೊರಟವರು ಗಂಟುಗಳ ಮೇಲೆ ಕೂತಿದ್ದರು. ಈ ಹಳಿ ನಮ್ಮ ಕಡೆಗೆ ಬಂದದ್ದು ಬೊಂಬಾಯಿ ಮದ್ರಾಸುಗಳನ್ನು ಕೂಡಿಸಲು. ಆ ಕಡೆಯದು ಈ ಕಡೆಯದು ರಾಯಚೂರಿನಲ್ಲಿ ಸೇರಿದ್ದು 1871ರಲ್ಲಿ. ಮೂರು ವರ್ಷದ ಮೇಲೆ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ಹಳಿ ಬಿತ್ತು. ಹತ್ತಿ ಆ ದಾರಿಯಲ್ಲಿ ಹೋಗಿ ಅರಿವೆಯಾಗಿ ವಾಪಸು ಬರುತ್ತಿತ್ತು. ಈಗ ಮಂದಿ ಹೋಗುತ್ತಾರೆ, ಹಬ್ಬಕ್ಕೆ ವಾಪಸು ಬರುತ್ತಾರೆ.

ವಾಡಿಯಲ್ಲಿ ಇಳಿದು ಗಾಡಿ ಬದಲಿಸಬೇಕು. ಅಲ್ಲಿಯ ಬೇವಿನ ಗಿಡಕ್ಕೂ ಸಿಮೆಂಟಿನ ಬಣ್ಣ. ಮುಂದೆ ಚಿತ್ತಾಪುರ, ಆಮೇಲೆ ಮಳಖೇಡ ರೋಡ್. ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನ ರಾಜಧಾನಿ. ನಮ್ಮ ಗಾಡಿ ಅಲ್ಲಿ ನಿಲ್ಲುವುದಿರಲಿ, ವೇಗವನ್ನೂ ತಗ್ಗಿಸಲಿಲ್ಲ.

ಸೇಡಂ ದಾಟಿದ ಮೇಲೆ ಅಕ್ಕ ಬುತ್ತಿ ಬಿಚ್ಚಿದಳು. ಕಟಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಮೇಲೊಂದು ಉಳ್ಳಾಗಡ್ಡಿ. ಎದುರಿಗೆ ಕೂತಿದ್ದ ತಾಂಡೂರಿನ ಹೆಂಗಸು ಪಲ್ಯದ ಡಬ್ಬಿಯತ್ತ ನೋಡಿ, “ಪುಂಟಿಕೂರ!” ಎಂದಳು. ಅಕ್ಕ, “ಹೌದವ್ವಾ, ಪುಂಡಿಪಲ್ಯ” ಎಂದಳು. ಒಬ್ಬಳಿಗೆ ತೆಲುಗು, ಒಬ್ಬಳಿಗೆ ಕನ್ನಡ. ಮಾತು ತಾಂಡೂರು ಬರುವವರೆಗೂ ಕಡಿಯಲಿಲ್ಲ. ಅವಳೂ ಮನೆಯಲ್ಲಿ ತಟ್ಟುವುದು ಜೋಳದ ರೊಟ್ಟಿಯೇ, ಆದರೆ ತೆಳ್ಳಗೆ ಕಟಿ ಮಾಡಿ ವಾರಗಟ್ಟಲೆ ಇಡುವ ನಮ್ಮ ಪದ್ಧತಿ ಅವಳಿಗೆ ಹೊಸದು. ಎರಡು ರೊಟ್ಟಿ ಕಾಗದದಲ್ಲಿ ಸುತ್ತಿ ಕೊಟ್ಟದ್ದಾಯಿತು. ಕಿಟಕಿಯ ಹೊರಗೆ ಕಲ್ಲಿನ ಖಣಿಗಳು. ಇತ್ತ ಶಹಾಬಾದ್ ಕಲ್ಲು, ಅತ್ತ ತಾಂಡೂರು ಕಲ್ಲು. ಭೂಮಿಯೊಳಗೆ ಅದು ಒಂದೇ ಹಾಸು. ತೊಗರಿಯದೂ ಹಾಗೆಯೇ. 2019ರಲ್ಲಿ ಗುಲ್ಬರ್ಗ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು, 2022ರಲ್ಲಿ ತಾಂಡೂರು ತೊಗರಿಗೆ. 1956ರವರೆಗೆ ನಾವೆಲ್ಲ ಒಂದೇ ಹೈದರಾಬಾದ್ ರಾಜ್ಯದವರು. ಗಡಿಯ ಕಲ್ಲು ಯಾವ ಹೊಲದಲ್ಲಿ ಬಿತ್ತೆಂದು ತೊಗರಿಗೆ ಯಾರೂ ಹೇಳಿದಂತಿಲ್ಲ.

ವಿಕಾರಾಬಾದಿನ ತಂಪು ಗಾಳಿಗೆ ಅಕ್ಕನಿಗೆ ನಿದ್ದೆ ಬಂತು. ನಾನು ಮುತ್ಯಾನ ಪ್ರಯಾಣವನ್ನು ಊಹಿಸಿಕೊಳ್ಳುತ್ತಿದ್ದೆ. ಅವನು ಹೇಳುತ್ತಿದ್ದ ಒಂದೇ ಸಂಗತಿ ಮನೆಯಲ್ಲಿ ಉಳಿದಿದೆ, ಅದು ರೊಕ್ಕದ್ದು. ನಮ್ಮ ಕಡೆ ಆಗ ನಡೆಯುತ್ತಿದ್ದುದು ನಿಜಾಮನ ಹಾಲಿ ಸಿಕ್ಕಾ. ಸಿಕಂದರಾಬಾದಿನ ಅಂಗಡಿಗಳಲ್ಲಿ ಇಂಗ್ಲಿಷರ ರೂಪಾಯಿ, ಅದಕ್ಕೆ ‘ಕಲ್ದಾರ’ ಎನ್ನುತ್ತಿದ್ದರು. ಕಲ್ ಎಂದರೆ ಯಂತ್ರ. ಯಂತ್ರದಲ್ಲಿ ಒತ್ತಿದ ನಾಣ್ಯವೆಂದು ಆ ಹೆಸರು. ನಮ್ಮ ಏಳು ಕೊಟ್ಟರೆ ಅವರ ಆರು. ಹುಸೇನ್ ಸಾಗರದ ಕಟ್ಟೆ ದಾಟುವಾಗ ಕಿಸೆಯೊಳಗೇ ಒಂದು ರೂಪಾಯಿ ಕರಗಿತು ಎನ್ನುತ್ತಿದ್ದನಂತೆ. ಊರು ನೋಡುವ ಮೊದಲೇ ಆ ಊರು ನಮ್ಮನ್ನು ಅಳೆದುಬಿಟ್ಟಿತ್ತು.

ಸಿಕಂದರಾಬಾದಿಗೆ ಹೈದರಾಬಾದಿನ ಹಳಬರು ಇನ್ನೂ ‘ಲಷ್ಕರ್’ ಎನ್ನುತ್ತಾರೆ. ಬೆಂಗಳೂರಿನವರು ‘ದಂಡು’ ಎಂದಂತೆ. 1798ರ ಒಪ್ಪಂದದ ಪ್ರಕಾರ ಬಂದು ತಳವೂರಿದ ಇಂಗ್ಲಿಷ್ ಸೈನ್ಯಕ್ಕೆಂದು ಬೆಳೆದ ಊರಿದು. 1806ರಲ್ಲಿ ಮೂರನೆಯ ನಿಜಾಮ ಸಿಕಂದರ್ ಜಾಹನ ಹೆಸರು ಇಟ್ಟರು. ಸೈನ್ಯ ಬಂದರೆ ಅದರ ಬೆನ್ನಿಗೆ ಬಜಾರ ಬರುತ್ತದೆ. ರೆಜಿಮೆಂಟಲ್ ಬಜಾರ್, ಜನರಲ್ ಬಜಾರ್ ಎಂಬ ಹೆಸರುಗಳಲ್ಲೇ ಕವಾಯತಿನ ಸದ್ದಿದೆ. ಬೇಗಂಪೇಟೆಯಲ್ಲಿ ಒಬ್ಬ ಮಿಲಿಟರಿ ಡಾಕ್ಟರು, ರೊನಾಲ್ಡ್ ರಾಸ್, 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಬೀಜ ಕಂಡ. ಅದೇ ವರ್ಷ ಇಲ್ಲಿ 120 ಅಡಿ ಎತ್ತರದ ಗಡಿಯಾರದ ಗೋಪುರ ಉದ್ಘಾಟನೆಯಾಯಿತು. ಅದೇ ವರ್ಷ ವಿಕ್ಟೋರಿಯಾ ರಾಣಿ, ಈ ಊರಲ್ಲಿ ಸ್ಟುಡಿಯೋ ಇಟ್ಟಿದ್ದ ಲಾಲಾ ದೀನ್ ದಯಾಳರಿಗೆ ತನ್ನ ಫೋಟೋಗ್ರಾಫರ್ ಎಂಬ ಸನ್ನದು ಕೊಟ್ಟಳು. ನೇಟಾದ ಅಂಗಿ, ಹೊತ್ತು ತೋರಿಸುವ ಗೋಪುರ, ಗೋಡೆಗೆ ತೂಗುವ ಮುಖ: ಆ ಕಾಲದ ದೊಡ್ಡ ಮನುಷ್ಯನಾಗಲು ಬೇಕಾದ ಸಾಮಾನೆಲ್ಲ ಒಂದೇ ಪೇಟೆಯಲ್ಲಿ ಸಿಗುತ್ತಿತ್ತು.

ಸ್ಟೇಷನ್ನಿನ ಸುತ್ತ ಈಗ ಕಟ್ಟಡದ ಕೆಲಸ ನಡೆದಿದೆ. ಕ್ರೇನು, ತಗಡಿನ ಬೇಲಿ, ಧೂಳು. ಎದುರಿನ ಇರಾನಿ ಹೋಟೆಲಿನಲ್ಲಿ ಚಹಾ ಕುಡಿದೆವು. ಅಕ್ಕನಿಗೆ ಉಸ್ಮಾನಿಯಾ ಬಿಸ್ಕೀಟು ಸೇರಿತು, ಚಹಾ ಸೇರಲಿಲ್ಲ: “ಕೆನಿ ಕುಡದ್ಹಂಗ ಆಗ್ತದ, ಚಾದ ರುಚೀನೇ ಇಲ್ಲ.” ಹೊರಗೆ ಬಂದಾಗ ಬೇಲಿಯ ನೆರಳಲ್ಲಿ ಕೂತ ಐದಾರು ಹೆಂಗಸರ ಮಾತು ಕಿವಿಗೆ ಬಿತ್ತು. ಅಪ್ಪಟ ನಮ್ಮ ಮಾತು.

“ಯಾವೂರವ್ವಾ?” ಅಕ್ಕ ನಿಂತೇಬಿಟ್ಟಳು.

“ಶಹಾಪುರ ಕಡೀದವ್ರ ಇದ್ದೀವ್ರಿ. ನೀವು?”

“ರಾಮಸಮುದ್ರ. ಯಾದಗಿರಿ ಹತ್ರ.”

“ಅಯ್ಯ, ನಮ್ಮ ಅತ್ತಿ ತವರಮನಿ ಮೈಲಾಪುರರಿ!”

ಊರ ಮಳೆ, ಹತ್ತಿಯ ರೇಟು, ಮನೆಯಲ್ಲಿ ಬಿಟ್ಟು ಬಂದ ಮಕ್ಕಳು, ಎಲ್ಲ ಐದು ನಿಮಿಷದಲ್ಲಿ ಮುಗಿಯಿತು. ನಾನು ಮಾತಾಡಿದವಳ ಅಂಗಿ ನೋಡುತ್ತಿದ್ದೆ. ಸೀರೆಯ ಮೇಲೆ ಗಂಡಸರ ಪೂರಾ ತೋಳಿನ ಅಂಗಿ. ಬಿಸಿಲಿಗೆ, ಸಿಮೆಂಟಿಗೆ ಮೈ ಸುಡದಿರಲೆಂದು ಕೂಲಿಗೆ ಹೋಗುವ ಹೆಂಗಸರೆಲ್ಲ ಹಾಕಿಕೊಳ್ಳುತ್ತಾರೆ. ಅದು ಯಾರದೋ ದೊಡ್ಡ ಮೈಯವನ ಅಂಗಿ. ತೋಳು ಬೆರಳು ಮುಚ್ಚುವಷ್ಟು ಉದ್ದವಿತ್ತೆಂದು ಒಳಗೆ ಮಡಚಿ, ಕೆಂಪು ದಾರದಲ್ಲಿ ಉದ್ದುದ್ದ ಟಾಕಿ ಹಾಕಿಕೊಂಡಿದ್ದಳು. ಸೀಟಿ ಊದಿದ ಕೂಡಲೇ ಎದ್ದು ಹೋದಳು.

ಜನರಲ್ ಬಜಾರಿನ ಓಣಿಗಳಲ್ಲಿ ಎರಡೂ ಕೈ ಚಾಚಿದರೆ ಎರಡೂ ಅಂಗಡಿಯ ಸೀರೆ ಮುಟ್ಟಬಹುದು. ಪಕ್ಕದಲ್ಲೇ ಉಜ್ಜಯಿನಿ ಮಹಾಕಾಳಿಯ ಗುಡಿ. 1813ರಲ್ಲಿ ಕಾಲರಾ ಎದ್ದಾಗ, ದಂಡಿನೊಡನೆ ಉಜ್ಜಯಿನಿಗೆ ಹೋಗಿದ್ದ ಸುರಿಟಿ ಅಪ್ಪಯ್ಯ ಎಂಬ ಈ ಊರಿನ ಡೋಲಿ ಹೊರುವವನು ಹರಕೆ ಹೊತ್ತು, ಎರಡು ವರ್ಷದ ಮೇಲೆ ಬಂದು ಕಟ್ಟೆಯ ಮೇಲೆ ದೇವಿಯನ್ನು ಕೂಡಿಸಿದನಂತೆ. ಆಷಾಢದಲ್ಲಿ ಇಲ್ಲಿ ಬೋನಾಲು ನಡೆದರೆ ಕಾಲಿಡಲು ಜಾಗವಿರುವುದಿಲ್ಲ. ಅಕ್ಕ ಹೊರಗಿನಿಂದಲೇ ಕೈಮುಗಿದು, “ಮೊದಲ ಅರಿವಿ, ಆಮ್ಯಾಲ ದೇವ್ರು” ಎಂದಳು.

ಅಂಗಡಿಯ ಗಾದಿಯ ಮೇಲೆ ಕೂಡಿಸಿ, ಹುಡುಗ ಕೇಳಿದ: “ಕ್ಯಾ ಹೋನಾ ಅಮ್ಮಾ?” ದಖನಿಯ ಈ ‘ಹೋನಾ’ ನನಗೆ ಯಾವಾಗಲೂ ಮುದ್ದು. ನಮ್ಮ ‘ಬೇಕು’ ಅದಕ್ಕೆ ಚೊಕ್ಕವಾಗಿ ಕೂಡುತ್ತದೆ. ಅವನು ಗದ್ವಾಲ, ಪೋಚಂಪಳ್ಳಿ, ವೆಂಕಟಗಿರಿ ಎಂದು ಒಂದೊಂದೇ ಬಿಚ್ಚಿ ಎಸೆದ. ಸೀರೆ ಗಾಳಿಯಲ್ಲಿ ಒಂದು ಕ್ಷಣ ತೇಲಿ ಬಂದು ಮಡಿಲಿಗೆ ಬೀಳುವಂತೆ ಎಸೆಯುವುದೂ ಒಂದು ವಿದ್ಯೆ. ಅಕ್ಕ ಪ್ರತಿಯೊಂದರ ಸೆರಗಿನ ಹಿಂಬದಿ ತಿರುವಿ ನೋಡಿ “ನಕ್ಕೋ” ಎಂದಳು. ಕೊನೆಗೆ ಒಂದು ಗದ್ವಾಲ ಒಪ್ಪಿದಳು. ಮೈಯೆಲ್ಲ ಹತ್ತಿ, ಅಂಚು ಸೆರಗು ಮಾತ್ರ ರೇಷ್ಮೆ; ಬೇರೆ ಬೇರೆ ನೇಯ್ದು ಕೂಡಿಸಿದ್ದು. ನಮ್ಮ ಇಳಕಲ್ಲಿನ ಸೀರೆಯ ಸೆರಗನ್ನೂ ಮೈಯ ಎಳೆಗೆ ಕೊಂಡಿ ಹಾಕಿಯೇ ಕೂಡಿಸುತ್ತಾರೆ, ಆದ್ದರಿಂದ ಅವಳಿಗೆ ನಂಬಿಕೆ ಬಂತು. ಜೊತೆಗೆ ಕುಬಸದ ಬಟ್ಟೆ ಕೇಳಿದರೆ ಹುಡುಗ ಸಿದ್ಧ ಬ್ಲೌಸುಗಳ ಕಟ್ಟು ತಂದ. “ಅಳತಿ ತಗೊಳ್ದ ಹೊಲದದ್ದು ಯಾರ ಮೈಗೂ ಕೂಡೂದಿಲ್ಲ” ಎಂದು ಅಕ್ಕ ಕನ್ನಡದಲ್ಲೇ ಹೇಳಿದಳು. ಅವನಿಗೆ ಅರ್ಥವಾದಂತಿತ್ತು, ಕಟ್ಟು ಎತ್ತಿ ಒಳಗಿಟ್ಟ.

ನಮ್ಮ ಆಯಿಯ ಕಾಲಕ್ಕೆ ಗಂಡಸರಿಗೆ ಹೊಲಿದ ಅರಿವೆಯೇ ಅಪರೂಪ. ಧೋತರ, ರುಮಾಲು, ಹೆಗಲ ಮೇಲೊಂದು ಕಂಬಳಿ. ಯಾವುದಕ್ಕೂ ಕತ್ತರಿ ಬೇಡ. ಹೆಂಗಸರಿಗೆ ಗುಳೇದಗುಡ್ಡದ ಖಣ. ಅದನ್ನೂ ಕೈಯಲ್ಲೇ ಹೊಲಿದು ಮುಂದೆ ಗಂಟು ಹಾಕುವುದು. ಮೊದಲು ದಂಡಿಗೆ ಸಮವಸ್ತ್ರ, ಆಮೇಲೆ ಕಚೇರಿಯವರಿಗೆ ಶೇರವಾನಿ, ಆಮೇಲೆ ಮಾಸ್ತರರಿಗೆ ಕೋಟು, ಹೀಗೆ ಗುಂಡಿ ಕಾಜಾ ಮೆಲ್ಲಗೆ ಹಳ್ಳಿಗೆ ಇಳಿದವು. ಮಷೀನು ಬಂದ ವರ್ಷ ಸುತ್ತಲಿನ ಹೆಂಗಸರೆಲ್ಲ ಆಯಿಯ ಪಡಸಾಲೆಗೆ ಬಂದು, ಚಕ್ರ ತಿರುಗುವುದನ್ನು ನೋಡುತ್ತ ಕೂಡುತ್ತಿದ್ದರಂತೆ.

ಮಷೀನಿನ ಬಿಡಿಭಾಗದ ಅಂಗಡಿ ಸಿಕ್ಕಿದ್ದು ಮಧ್ಯಾಹ್ನದ ಮೇಲೆ, ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ. ಗೋಡೆಯ ತುಂಬ ಡಬ್ಬಿಗಳು. ಬಿಳಿ ಗಡ್ಡದ ಮೇಸ್ತ್ರಿ ನನ್ನ ಕೈಯಿಂದ ಲಾಳಿ ತೆಗೆದುಕೊಂಡು, ಅದರ ಮೂತಿಯನ್ನು ತನ್ನ ಹೆಬ್ಬೆರಳಿನ ಉಗುರಿನ ಮೇಲೆ ಎಳೆದ. ಉಗುರಿಗೆ ಗೀರು ಬೀಳಲಿಲ್ಲ. ಅಷ್ಟೇ ಸಾಕಾಯಿತು ಅವನಿಗೆ, “ಘಿಸ್ ಗಯಾ” ಎಂದ. ಈಗಿನ ಮಷೀನುಗಳಲ್ಲಿ ದುಂಡನೆಯ ಬಾಬಿನ್ ಕೇಸ್ ಇರುತ್ತದೆ. ನಮ್ಮದು ಹಳೆಯ ನಮೂನೆ. ಬಂದೂಕಿನ ಗುಂಡಿನಂತೆ ಉದ್ದ, ಮೂತಿ ಚೂಪು, ಒಳಗೆ ಕಡ್ಡಿಯಂಥ ಬಾಬಿನ್. ಸೂಜಿ ಕೆಳಗಿಳಿದು ಮೇಲೇಳುವಾಗ ದಾರ ಸಣ್ಣ ಕುಣಿಕೆಯಾಗುತ್ತದೆ. ಲಾಳಿ ತೊಟ್ಟಿಲಿನಂತೆ ತೂಗುತ್ತ ಬಂದು ಆ ಕುಣಿಕೆಯೊಳಗೆ ತೂರಬೇಕು. ಮೂತಿ ಮೊಂಡಾದರೆ ಕುಣಿಕೆ ತಪ್ಪುತ್ತದೆ, ಹೊಲಿಗೆ ಬಿಡುತ್ತದೆ. ರಂಗಂಪೇಟೆಯ ನೇಕಾರರ ಮಗ್ಗದ ಲಾಳಿ ಮಾಡುವುದೂ ಎಳೆಗಳ ನಡುವೆ ದಾರ ಒಯ್ಯುವ ಕೆಲಸವನ್ನೇ. ಚಿಗವ್ವ ಅದನ್ನು ಶಟಲ್ ಎನ್ನದೆ ಲಾಳಿ ಎನ್ನುವುದಕ್ಕೆ ಕಾರಣವಿದೆ.

ಫೋನಿನಲ್ಲಿ ಮಷೀನಿನ ಚಿತ್ರ ತೋರಿಸಿದೆ. ಕಪ್ಪು ಮೈಯ ಸಿಂಗರ್. ಮೈತುಂಬ ಬಂಗಾರದ ಬಣ್ಣದ ಬಳ್ಳಿ, ನಡುವೆ ಸಿಂಹದ ಮೈ, ಹೆಂಗಸಿನ ಮುಖದ ಒಂದು ಆಕೃತಿ. ಮೇಸ್ತ್ರಿ ಹಿಗ್ಗಿಸಿ ನೋಡಿ ನಕ್ಕ. ಆ ಮುಖವಿದ್ದ ಜಾಗದಲ್ಲಿ ಬರಿ ಕುಂಕುಮ. ಅದು ಈಜಿಪ್ಟಿನ ಸ್ಫಿಂಕ್ಸ್. ಆಯಿ ಅದನ್ನು ಸಿಂಹದ ಮೇಲೆ ಕೂತ ಅಂಬಾಭವಾನಿ ಎಂದು ತಿಳಿದು, ಪ್ರತಿ ಮಹಾನವಮಿಗೆ ಕುಂಕುಮ ಹಚ್ಚಿ, ಕಾಯಿ ಒಡೆದಳು. ಚಿಗವ್ವನೂ ಹಚ್ಚುತ್ತ ಬಂದಳು. ಬಂಗಾರ ಅಳಿದು ದೇವಿ ಉಳಿದಳು.

ಮಷೀನಿನ ನಂಬರು ವೈ ಅಕ್ಷರದಿಂದ ಶುರುವಾಗುತ್ತದೆ. ಹಾಗೆಂದರೆ 1920, 30ರ ದಶಕಗಳಲ್ಲಿ ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆಯ ನೆತ್ತಿಯ ಮೇಲೂ ನಾಲ್ಕು ಮುಖದ ಭಾರಿ ಗಡಿಯಾರವಿತ್ತು. ಕಾರ್ಖಾನೆ 1980ರಲ್ಲಿ ಮುಚ್ಚಿತು, ಅಲ್ಲಿಯ ರೈಲು ನಿಲ್ದಾಣಕ್ಕೆ ಮಾತ್ರ ಇನ್ನೂ ಸಿಂಗರ್ ಎಂದೇ ಹೆಸರು. ಹಿಂದುಸ್ತಾನದಲ್ಲಿ ಈ ಮಷೀನನ್ನು ಊರೂರಿಗೆ ಮುಟ್ಟಿಸಿದವರು ನಸ್ಸರ್‌ವಾನ್‌ಜಿ ಮೆರ್ವಾನ್‌ಜಿ ಪಟೇಲ್ ಎಂಬ ಪಾರ್ಸಿ. ಕಂಪನಿಯ ನಿಜವಾದ ಜಾಣತನ ಸೂಜಿಯಲ್ಲಿರಲಿಲ್ಲ, ಕಂತಿನಲ್ಲಿತ್ತು. ಈಗ ಒಯ್ಯಿರಿ, ತಿಂಗಳಿಗಿಷ್ಟು ಕಟ್ಟಿರಿ ಎಂಬ ಪಾಠವನ್ನು ಲೋಕಕ್ಕೆ ಕಲಿಸಿದವರಲ್ಲಿ ಇವರು ಮೊದಲಿಗರು. ಗಾಂಧೀಜಿ ಕೂಡ 1924ರಲ್ಲಿ ಯಂತ್ರಗಳನ್ನು ಬಯ್ಯುವಾಗ ಹೊಲಿಗೆ ಮಷೀನಿಗೆ ಮಾಫಿ ಕೊಟ್ಟರು. ಹೆಂಡತಿ ಹೊಲಿಯುವ ಕಷ್ಟ ನೋಡಲಾರದೆ ಸಿಂಗರ್ ಇದನ್ನು ಕಂಡುಹಿಡಿದ ಎಂಬುದು ಅವರ ನಂಬಿಕೆ. ಐಸಾಕ್ ಸಿಂಗರನಿಗೆ ಒಂದಕ್ಕಿಂತ ಹೆಚ್ಚು ಸಂಸಾರಗಳು, ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿದ್ದರು. ಯಾವ ಹೆಂಡತಿಯ ಕಷ್ಟ ಎಂದು ಮಹಾತ್ಮರು ಕೇಳಲಿಲ್ಲ.

ಮೂರನೆಯ ಡಬ್ಬಿಯಲ್ಲಿ ಲಾಳಿ ಸಿಕ್ಕಿತು. ಮೇಸ್ತ್ರಿ ಅದಕ್ಕೆ ಬಾಬಿನ್ ಹಾಕಿ, ದಾರವನ್ನು ಪಟ್ಟಿಯ ಕೆಳಗೆ ಎಳೆದು, ಲಾಳಿಯನ್ನು ದಾರದಿಂದಲೇ ಗಾಳಿಯಲ್ಲಿ ತೂಗಬಿಟ್ಟ. ಅದು ಅಲ್ಲಾಡದೆ ನಿಂತಿತು. ಕೈ ಸ್ವಲ್ಪ ಜಗ್ಗಿದ, ಒಂದು ಬೆರಳಷ್ಟು ಕೆಳಗಿಳಿದು ಮತ್ತೆ ನಿಂತಿತು. ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುವಿ ಮತ್ತೊಮ್ಮೆ ನೋಡಿದ. “ಇಷ್ಟೇ ಇರಬೇಕು. ಸರ್ರನೆ ಜಾರಿದರೆ ಸಡಿಲು, ಜಗ್ಗಿದರೂ ಬರದಿದ್ದರೆ ಬಿಗಿ” ಎಂದು ದಖನಿಯಲ್ಲಿ ಹೇಳಿದ. ಆಮೇಲೆ, ಮಷೀನು ಮಾರುತ್ತೀರಾ ಎಂದು ಕೇಳಿದ. ಹಳೆಯ ಸಿಂಗರುಗಳನ್ನು ಶೋಕಿಯ ಅಂಗಡಿ, ಹೋಟೆಲುಗಳ ಗಾಜಿನ ಕಿಟಕಿಗೆ ಇಡಲು ಒಯ್ಯುತ್ತಾರೆ. ಇದರೊಳಗೆ ‘ಕೆಂಪು ಪಾದರಸ’ ಇದೆಯೆಂಬ ಗಾಳಿಸುದ್ದಿ ಎದ್ದು 2009ರಲ್ಲಿ ಸೌದಿಯಲ್ಲಿ ಮಂದಿ ಹುಚ್ಚೆದ್ದು ಕೊಂಡಿದ್ದರು. ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು: “ದೇವ್ರನ್ನ ಮಾರ್ತಾರೇನ್ರಿ?” ಮೇಸ್ತ್ರಿ ಕಿವಿ ಮುಟ್ಟಿಕೊಂಡ.

ಸಂಜೆಯ ಹೊತ್ತಿಗೆ ಗಡಿಯಾರದ ಗೋಪುರದ ಹತ್ತಿರ ಕೂತೆವು. ಕಾಲು ನೋಯುತ್ತಿದ್ದವು. ಸುರಪುರದ ಸೀಮೆಯಿಂದ ಈ ಊರಿಗೆ ಬಂದವರಲ್ಲಿ ನೆನಪಿಡಬೇಕಾದವನು ಕೊಳ್ಳಲು ಬಂದವನಲ್ಲ. ಇಂಗ್ಲಿಷರ ವಿರುದ್ಧದ ದಂಗೆಯಲ್ಲಿ, 1858ರ ಫೆಬ್ರುವರಿಯಲ್ಲಿ ಸುರಪುರ ಬಿದ್ದ ಮೇಲೆ ಹೈದರಾಬಾದಿನಲ್ಲಿ ಸಿಕ್ಕ ವೆಂಕಟಪ್ಪನಾಯಕನನ್ನು ಇಂಗ್ಲಿಷರು ಸಿಕಂದರಾಬಾದಿನ ಪಹರೆಯಲ್ಲಿಟ್ಟರು. ಅಲ್ಲಿ ಅವನನ್ನು ನೋಡಲು ಬಂದವನು ಅದೇ ಟೇಲರ್. ದಂಗೆಗೆ ಎಬ್ಬಿಸಿದವರ ಹೆಸರು ಹೇಳಿದರೆ ರಿಯಾಯಿತಿ ಸಿಗುತ್ತದೆಂದರೂ ಅರಸ ಬಾಯಿ ಬಿಡಲಿಲ್ಲ. ಕಳ್ಳನಂತೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿರಿ ಎಂದು ಕೇಳಿದನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಶಿಕ್ಷೆ ಇಳಿದು ನಾಲ್ಕು ವರ್ಷದ ಸೆರೆಯಾಯಿತು, ಚೆಂಗಲ್ಪಟ್ಟಿಗೆ ಕಳಿಸುವುದೆಂದಾಯಿತು. ಮೇ ತಿಂಗಳಲ್ಲಿ ಆ ದಾರಿಯಲ್ಲೇ ಅರಸ ಗುಂಡಿಗೆ ಸತ್ತ. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡ ಎಂದು ಇಂಗ್ಲಿಷರ ಬರವಣಿಗೆ. ಇಪ್ಪತ್ತನಾಲ್ಕರ ಪ್ರಾಯ. ದೀನ್ ದಯಾಳರಿಗೆ ಆಗ ಹದಿನಾಲ್ಕು ವರ್ಷ, ಕ್ಯಾಮೆರಾ ಇನ್ನೂ ದೂರವಿತ್ತು. ಎಂಟು ವರ್ಷದ ಮೇಲೆ ಇದೇ ಟೇಲರ್, ಧಾರವಾಡ ಮೈಸೂರು ಸೀ‌ಮೆಯ ಗುಡಿಗಳ ಫೋಟೋ ಪುಸ್ತಕವೊಂದಕ್ಕೆ ವಿವರಣೆ ಬರೆದ. ನಮ್ಮ ನಾಡಿನ ಕಲ್ಲುಗಳ ಮುಖವನ್ನು ಅಷ್ಟು ಅಕ್ಕರೆಯಿಂದ ಕಂಡ ಕಣ್ಣು ಪಹರೆಯ ಕೋಣೆಯಲ್ಲಿ ಏನು ಕಂಡಿತೋ.

ದೀನ್ ದಯಾಳರ ಸ್ಟುಡಿಯೋ ಎಲ್ಲಿತ್ತೆಂದು ನಾಲ್ಕು ಮಂದಿಯನ್ನು ಕೇಳಿದೆ. ನಾಲ್ವರೂ ಪಾಸ್‌ಪೋರ್ಟ್ ಫೋಟೋ ತೆಗೆಯುವ ಒಂದೇ ಅಂಗಡಿಗೆ ಕೈ ತೋರಿಸಿದರು. ಪರದೆಯ ಹೆಂಗಸರಿಗೆಂದೇ 1892ರಲ್ಲಿ ಹೈದರಾಬಾದಿನಲ್ಲಿ ಅವರು ಒಂದು ಜನಾನಾ ಸ್ಟುಡಿಯೋ ತೆರೆದಿದ್ದರು, ಅಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದುದೂ ಒಬ್ಬ ಇಂಗ್ಲಿಷ್ ಹೆಂಗಸು. ನವಾಬರ ಮನೆಯವರಿಗೆ ಅದು. ನಮ್ಮ ಆಯಿಯ ಒಂದು ಫೋಟೋವೂ ಇಲ್ಲ. ಮುತ್ಯಾ ನಿಂತದ್ದು ಯಾವುದೋ ಸಣ್ಣ ಸ್ಟುಡಿಯೋದಲ್ಲಿ. ಹಿಂದಿನ ರಟ್ಟಿನ ಮೇಲೆ ಹೆಸರು ಅಳಿದು ‘ಸಿಕಂದರಾಬಾದ್’ ಎಂಬುದಷ್ಟೇ ಉಳಿದಿದೆ.

ಹಳೆಯ ಫೋಟೋ ಹೊಸದು ಮಾಡುವ ಅಂಗಡಿ ಮೊದಲ ಮಹಡಿಯಲ್ಲಿತ್ತು. ಹುಡುಗನಿಗೆ ಇಪ್ಪತ್ತೆರಡಿರಬಹುದು. ಗೆದ್ದಲು ತಿಂದ ಮೂಲೆಯನ್ನು ಬ್ರಷ್ಷಿನಿಂದ ಮೆಲ್ಲಗೆ ಒರೆಸಿ, ಫೋಟೋವನ್ನು ಸ್ಕ್ಯಾನರಿನ ಮೇಲಿಟ್ಟ. ಪರದೆಯ ಮೇಲೆ ಮುತ್ಯಾ ಗೋಡೆಯಷ್ಟು ದೊಡ್ಡವನಾಗಿ ಎದ್ದು ನಿಂತ. ಹುಡುಗ ಒಂದೊಂದೇ ಭಾಗ ಹಿಗ್ಗಿಸಿ ಕಲೆ ಹುಡುಕುತ್ತ ಹೋದ. ರುಮಾಲಿನ ಸುತ್ತು, ಮೀಸೆ, ಕೊರಳ ಲಿಂಗದಕಾಯಿಯ ದಾರ. ಆಮೇಲೆ ಸ್ಟೂಲಿನ ಮೇಲಿಟ್ಟ ಕೈ ಬಂತು.

ಕೋಟಿನ ತೋಳು ಬೆರಳಿನ ಬುಡದವರೆಗೂ ಇಳಿದಿತ್ತು. ಅಂಚನ್ನು ಒಳಗೆ ಮಡಚಿ, ಉದ್ದುದ್ದ ಟಾಕಿ ಹಾಕಲಾಗಿತ್ತು. ಕಪ್ಪು ಅರಿವೆಯ ಮೇಲೆ ಬಿಳಿ ದಾರ, ಅವಸರದ ಕೈ. ಭುಜದ ಹೊಲಿಗೆ ಭುಜದಲ್ಲಿರದೆ ತೋಳಿನ ಮೇಲೆ ಜಾರಿ ಕೂತಿತ್ತು. ಎಂಬತ್ತು ವರ್ಷ ಗೋಡೆಯ ಮೇಲೆ ಇದ್ದ ಫೋಟೋ, ನಾವು ಯಾರೂ ಆ ತೋಳು ನೋಡಿರಲಿಲ್ಲ.

“ಸ್ಟುಡಿಯೋ ಕಾ ಕೋಟ್ ಹೈ ಸಾಬ್” ಎಂದ ಹುಡುಗ, ಸಹಜವಾಗಿ. ಇಂಥವು ವಾರಕ್ಕೆ ನಾಲ್ಕು ಬರುತ್ತವಂತೆ. ಸ್ಟುಡಿಯೋದವರು ಒಂದೋ ಎರಡೋ ಕೋಟು ಇಟ್ಟಿರುತ್ತಿದ್ದರು. ಬಂದವರೆಲ್ಲ ಅದನ್ನೇ ತೊಟ್ಟು ನಿಲ್ಲುವುದು. ದಪ್ಪನೆಯವನಿಗೆ ಬೆನ್ನು ಬಿಚ್ಚಿ ಬಿಡುವುದು, ಬಡಕಲಿಗೆ ಹಿಂದೆ ಪಿನ್ನು. “ಢೀಲಾ ಹೈ. ಫಿಟ್ ಕರ್‌ದೂಂ ಕ್ಯಾ?”

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಪರದೆಯನ್ನೇ ನೋಡುತ್ತಿದ್ದಳು. ಮದುವೆಗೆ ಬೀಗರು ಬರುವವರು, ಪಡಸಾಲೆಯಲ್ಲಿ ಕೂಡುವವರು. ‘ಕೋಟಿನವರ ಮನಿ’ ಎಂಬ ಹೆಸರು ಕೇಳಿಯೇ ಹೆಣ್ಣು ಕೇಳಿದವರು. “ಮಾಡಪ್ಪಾ” ಎಂದವನು ನಾನೇ.

ಹತ್ತು ನಿಮಿಷ ಹಿಡಿಯಿತು. ಹುಡುಗ ಭುಜವನ್ನು ಎಳೆದು ಸ್ವಸ್ಥಾನಕ್ಕೆ ತಂದ, ಸೊಂಟ ಹಿಡಿದ, ತೋಳನ್ನು ಮಣಿಕಟ್ಟಿಗೆ ನಿಲ್ಲಿಸಿ ಕೆಳಗೆ ಅಂಗಿಯ ಬಿಳಿ ಅಂಚೊಂದನ್ನು ಇಟ್ಟ. ಟೇಪಿಲ್ಲ, ಕತ್ತರಿಯಿಲ್ಲ. ಬರಿಗಾಲಿಗೆ ಬೂಟು ಹಾಕಲೇ ಎಂದೂ ಕೇಳಿದ. ಅದಕ್ಕೆ ಮಾತ್ರ ಅಕ್ಕ, “ಬ್ಯಾಡ, ಬೂಟ್ ಬ್ಯಾಡ. ಅಷ್ಟರ ಇರ್ಲಿ” ಎಂದಳು.

ಮದುವೆ ಚೆನ್ನಾಗಿ ನಡೆಯಿತು. ಫೋಟೋ ಎಲ್ಲರೂ ಮೆಚ್ಚಿದರು. ಬೀಗರ ಕಡೆಯವರೊಬ್ಬರು ತಹಶೀಲ್ದಾರರಾಗಿದ್ದರೇನು ಎಂದು ಕೇಳಿದರು. ಹಳೆಯದು ಟ್ರಂಕಿನಲ್ಲಿದೆ, ಬೇವಿನ ಎಲೆ ಹಾಕಿಟ್ಟಿದ್ದೇನೆ.

ಚಿಗವ್ವ ಗೋಡೆ ನೋಡಿದ್ದು ಮದುವೆಯ ಗದ್ದಲ ಮುಗಿದ ಮೇಲೆ. ಅಂದು ಮಷೀನಿಗೆ ಎಣ್ಣೆ ಬಿಟ್ಟು, ತಳದ ತಗಡು ಸರಿಸಿ, ಹೊಸ ಲಾಳಿಯನ್ನು ತೊಟ್ಟಿಲಲ್ಲಿ ಕೂಡಿಸುತ್ತಿದ್ದಳು. ತಲೆ ಎತ್ತಿ ಬಹಳ ಹೊತ್ತು ನೋಡಿದಳು. ಕನ್ನಡಕ ಒರೆಸಿಕೊಂಡಳು.

“ತೋಳು ಉದ್ದ ಇತ್ತಲ್ಲೋ.”

ನಾನು ಏನೂ ಅನ್ನಲಿಲ್ಲ.

“ನಮ್ಮತ್ತಿ ಹೇಳ್ತಿದ್ಳು. ಆ ಕೋಟ ಹಾಕ್ಕೊಂಡಾಗ ಕೈ ಕಾಣ್ಲಿಲ್ಲಂತ. ಅವರ ಹತ್ರ ಸೂಜಿ ಇರ್ಲಿಲ್ಲಂತ. ಹೊಸಾ ಮಷೀನಿನ ಪೆಟಗ್ಯಾಗಿಂದ ಒಂದು ಸೂಜಿ ತಗದು ಮಾವನೇ ಟಾಕಿ ಹಾಕ್ಕೊಂಡನಂತ. ಮಷೀನಿನ ಸೂಜಿ ಕೈಲಿ ಹಿಡದು ಹೊಲದ್ರ ಬೆರಳಿಗಿ ಚುಚ್ಚೂದಿಲ್ಲೇನು? ಚುಚ್ಚಿತ್ತಂತ. ಅತ್ತಿ ಆ ಟಾಕಿ ನೋಡಿ ನೋಡಿ ನಗ್ತಿದ್ಳು.” ಹೇಳುತ್ತ ತಾನೂ ನಕ್ಕಳು. ಆಮೇಲೆ ಎರಡು ಪದರ ಹಳೆಯ ಅರಿವೆ ಸೂಜಿಯ ಕೆಳಗಿಟ್ಟು ಹಿಡಿಕೆ ತಿರುವಿದಳು. ಅರಿವೆ ತಿರುವಿ ಹಿಂಬದಿಯ ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ಲಾಳಿ ಚಲೋ ಅದ. ದಾರ ಸ್ವಲ್ಪ ಬಿಗಿ ಆಗ್ಯಾದ. ಆ ಸಣ್ಣ ತಿರುಪ ಹುಡುಕು ಬಾ ಇಲ್ಲಿ, ನಂಗ ಕಾಣವಲ್ದು.”